ಊರ ಒಲೆಯ ಒಂಬೈನೂರು ಪ್ರತಿ

ನಮ್ಮ ಊರಿನಲ್ಲಿ, ಕೈ ತೊಳೆಯದೆ ಪುಸ್ತಕ ಮುಟ್ಟುವ ಗಂಡಿಗೆ ಹೆಣ್ಣು ಕೊಡುತ್ತಿರಲಿಲ್ಲ. ಹೊಲ ಎಷ್ಟಿದೆ, ಕುಡಿತ ಇದೆಯೇ ಎಂದು ವಿಚಾರಿಸುವುದೆಲ್ಲ ಆಮೇಲೆ. ಮೊದಲು ಹುಡುಗನ ಕೈಗೊಂದು ಪುಸ್ತಕ ಕೊಟ್ಟು, ಪಕ್ಕದಲ್ಲಿ ಒಗ್ಗರಣೆ ಅವಲಕ್ಕಿಯ ತಟ್ಟೆ ಇಟ್ಟು, ಹೆಣ್ಣಿನ ಕಡೆಯವರು ಸುಮ್ಮನೆ ಕೂತು ನೋಡುತ್ತಿದ್ದರು. ತಿನ್ನುತ್ತ ತಿನ್ನುತ್ತ ಹಾಳೆ ತಿರುವಿದನೋ, ಮಾತುಕತೆ ಅಲ್ಲಿಗೇ ಮುಗಿಯಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅವನು ಒಂದು ಪುಸ್ತಕಕ್ಕೆ ಎಣ್ಣೆ ಹಚ್ಚಿದರೆ ಅದೇ ಎಣ್ಣೆ ಊರಿನ ಎಲ್ಲ ಮನೆಗಳ ಪುಸ್ತಕಕ್ಕೂ ಹತ್ತುತ್ತಿತ್ತು.

ಒಂದೇ ಅಚ್ಚಿನಲ್ಲಿ ಇಳಿದ ಪ್ರತಿಗಳೆಲ್ಲ ಹಾಗೆ. ಒಂದಕ್ಕೆ ಆದದ್ದು ಎಲ್ಲಕ್ಕೂ ಆಗುತ್ತಿತ್ತು. ಒಂದರ ಮೂಲೆ ಮಡಚಿದರೆ ಸಾವಿರದ ಮೂಲೆಯೂ ಮಡಚಿಕೊಳ್ಳುತ್ತಿತ್ತು. ಅದಕ್ಕೇ ನಾವು ಪುಸ್ತಕದಲ್ಲಿ ಹೆಸರು ಬರೆಯುತ್ತಿರಲಿಲ್ಲ, ಬಟ್ಟೆಯ ಚೀಲ ಹೊಲಿದು ಅದರ ಮೇಲೆ ಹೆಸರು ಕಸೂತಿ ಹಾಕುತ್ತಿದ್ದೆವು. ನಾನು ಸಣ್ಣವಳಿದ್ದಾಗ ಭಜನೆ ಪುಸ್ತಕದ ಒಂದು ಪ್ರತಿ ಯಾರದೋ ಕೈಜಾರಿ ಬಾವಿಗೆ ಬಿದ್ದು, ಊರಿನ ಅಷ್ಟೂ ಭಜನೆ ಪುಸ್ತಕಗಳು ಗೂಡಿನಲ್ಲಿ ಇದ್ದ ಕಡೆಯೇ ನೆನೆದು ಮುದ್ದೆಯಾದವು. ಒಬ್ಬರು ಒಣಗಿಸಿದ್ದರೆ ಎಲ್ಲರದೂ ಒಣಗುತ್ತಿತ್ತು. ಆದರೆ ಯಾರಿಗೂ ಇನ್ನೊಬ್ಬರ ಮೇಲೆ ನಂಬಿಕೆ ಇಲ್ಲದ್ದರಿಂದ ಇಡೀ ಊರು ಮಾಳಿಗೆ ಹತ್ತಿ ಕೂತಿತು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಚಹಾ ದಾಟಿತು, ಸುಟ್ಟ ಶೇಂಗಾ ದಾಟಿತು, ಭಜನೆಯೂ ಆಯಿತು. ಮಧ್ಯಾಹ್ನದೊಳಗೆ ಪುಸ್ತಕ ಒಣಗಿದರೂ ಸಂಜೆಯವರೆಗೆ ಯಾರೂ ಕೆಳಗಿಳಿಯಲಿಲ್ಲ.

ಇದಕ್ಕೊಂದು ಷರತ್ತಿತ್ತು. ಪ್ರತಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರಂತೆ ಒಂದಿರಬೇಕು. ಹಾಳೆ ವಾರೆ ಕತ್ತರಿಸಿದ, ಫಾರಂ, ಎಂದರೆ ಮಡಚಿದ ಹಾಳೆಗಳ ಕಟ್ಟು, ಹಿಂದುಮುಂದಾದ ಪುಸ್ತಕಕ್ಕೆ ಉಳಿದವುಗಳ ಸಂಬಂಧ ಇರುತ್ತಿರಲಿಲ್ಲ, ಅದರ ಪಾಡಿಗೆ ಅದು. ಪರವೂರಿನ ಅಚ್ಚುಕೂಟಗಳಿಂದ ಬರುವವೆಲ್ಲ ಅಂಥವೇ. ನಮ್ಮ ಅಚ್ಚುಕೂಟದಿಂದ ಹೊರಬಿದ್ದವು ಮಾತ್ರ ಎಷ್ಟು ದೂರ ಹೋದರೂ ಒಂದನ್ನೊಂದು ಬಿಡುತ್ತಿರಲಿಲ್ಲ. ಅದಕ್ಕೆ ಕಾರಣ ಅಡಿವೆಪ್ಪ ಮಾಸ್ತರು.

ಪುಸ್ತಕ ಹೇಗಿರಬೇಕೆಂದು ತೀರ್ಮಾನಿಸುವುದು ಮಾಸ್ತರ ಕೆಲಸ. ಅಕ್ಷರದ ಯಾವ ಮೊಳೆ, ಸಾಲಿಗೂ ಸಾಲಿಗೂ ಎಷ್ಟು ಜಾಗ, ಅಂಚು ಎಷ್ಟು, ಯಾವ ಕಾಗದ, ಯಾವ ದಾರ, ರಟ್ಟು ಎಷ್ಟು ದಪ್ಪ, ಎಲ್ಲ ಅವರೇ. ಕಾಗದದ ರೀಮು ಬಂದರೆ ಮೊದಲು ಮೂಸುತ್ತಿದ್ದರು. ಆಮೇಲೆ ಒಂದು ಚೂರು ಹರಿದು ನಾಲಗೆಗೆ ತಾಗಿಸಿ, ಅದು ಯಾವ ಕಡೆ ಸುರುಳಿಯಾಗುತ್ತದೆಂದು ನೋಡುತ್ತಿದ್ದರು. ಹಾಳೆಯ ಎಳೆ ಬೆನ್ನಿನ ಉದ್ದಕ್ಕೆ ಹೊಂದಿಕೊಂಡರೆ ಪುಸ್ತಕ ಹೇಳಿದ ಮಾತು ಕೇಳುತ್ತದೆ, ಅಡ್ಡ ಬಂದರೆ ಸಾಯುವವರೆಗೆ ಸೆಟೆದುಕೊಂಡೇ ಇರುತ್ತದೆ ಎಂದು ಅವರ ಮಾತು. ಮುಚ್ಚಿದಾಗ ಆಗುವ ಸಪ್ಪಳ ಕೇಳಿಯೇ ಹೊಲಿಗೆ ಸಡಿಲವೋ ಬಿಗಿಯೋ ಹೇಳಿಬಿಡುತ್ತಿದ್ದರು. ಮನೆಯಲ್ಲಿ ಉಪ್ಪಿದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತಿರಲಿಲ್ಲ, ಅದು ಬೇರೆ ಮಾತು.

ಒಮ್ಮೆ ಯಾರೋ ಶ್ರೀಮಂತರು, ಕೈಯಲ್ಲೇ ಬರೆಸಿ ಬೆಳ್ಳಿಯ ಹೊದಿಕೆ ಹಾಕಿಸಿದ ಒಂದು ಪುಸ್ತಕವನ್ನು ಹೆಮ್ಮೆಯಿಂದ ತಂದು ತೋರಿಸಿದರು. ಜಗತ್ತಿನಲ್ಲಿ ಇಂಥದು ಇದೊಂದೇ ಎಂದರು. ಮಾಸ್ತರು ಮರ್ಯಾದೆಯಿಂದ ತಿರುವಿ ನೋಡಿ, ಚಂದ ಐತಿ, ಆದ್ರ ಇದು ಪುಸ್ತಕ ಅಲ್ಲ, ದಾಗೀನ ಅಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ.

"ಒಂದನ್ನ ಯಾರರೆ ಚಲೋ ಮಾಡ್ತಾರ, ದಾಕ್ಷಿ. ಮಷಿನಿನ್ಯಾಗಿಂದ ಸಾವಿರ ಇಳಿಬೇಕು, ಸಾವಿರನೂ ಒಂದ ಆಗಿರಬೇಕು. ಬಡವರ ಮನಿಗಿ ಹೋದದ್ದೂ ಅದ, ಸಾಹುಕಾರರ ಮನಿಗಿ ಹೋದದ್ದೂ ಅದ. ಇದರಕಿಂತ ದೊಡ್ಡದು ಮನಷಾ ಏನ್ ಮಾಡ್ಯಾನ ಹೇಳು?"

ನನ್ನ ಹೆಸರು ದಾಕ್ಷಾಯಣಿ. ಫಾರಂ ಮಡಚಿ ಹೊಲಿಯುವ ಕೋಣೆಗೆ ಹಿರಿಯಳು. ನನ್ನ ಕೈಕೆಳಗೆ ಹತ್ತು ಹೆಂಗಸರು. ಮಾಸ್ತರು ದಿನಕ್ಕೊಮ್ಮೆ ಬಂದು, ಸಿದ್ಧವಾದ ರಾಶಿಯಿಂದ ಮೂರು ಪ್ರತಿ ಎತ್ತಿಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರುತ್ತಿದ್ದರು. ಮೂರರಲ್ಲಿ ಯಾವುದು ಯಾವುದೆಂದು ಅವರಿಗೆ ತಿಳಿಯಬಾರದು. ತಿಳಿದರೆ ಆ ಪ್ರತಿಯನ್ನು ನನ್ನ ಕೈಗೆ ಕೊಟ್ಟು ಹರಿ ಎನ್ನುತ್ತಿದ್ದರು. ಬಯ್ಯುತ್ತಿರಲಿಲ್ಲ, ಅಷ್ಟಕ್ಕೇ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಅವರ ಹೆಂಡತಿ ಶಿವಗಂಗಕ್ಕ. ಅಡಿವೆಪ್ಪ ಮಾಸ್ತರರಂಥವರನ್ನು ಕಟ್ಟಿಕೊಂಡು ನಗುನಗುತ್ತ ಬದುಕಿದವರೆಂದರೆ ಅವರೊಬ್ಬರೇ ಇರಬೇಕು. ಅವರು ಮೂರು ವರ್ಷ ಮನೆಮನೆ ಅಲೆದು, ಹೆಂಗಸರನ್ನು ಮಾತಿಗೆ ಎಳೆದು, ಅವರವರ ಕೈಯಡುಗೆಯನ್ನೆಲ್ಲ ಬರೆದುಕೊಂಡರು. ಪುಂಡಿಪಲ್ಯ, ಮಡಿಕೆಕಾಳು, ಎಣ್ಣೆಗಾಯಿ, ಹುಗ್ಗಿ, ಬಾಣಂತಿಯ ಖಾರ, ಏನೂ ಬಿಡಲಿಲ್ಲ. ಅದಕ್ಕೆ 'ಊರ ಒಲೆ' ಎಂದು ಹೆಸರಿಟ್ಟು, ಗಂಡನ ಮುಂದೆ ಹಸ್ತಪ್ರತಿ ಇಟ್ಟು, ಇನ್ನು ನಿಮ್ಮ ಕೈಗುಣ ತೋರಿಸಿ ಎಂದರು.

ಆ ಪುಸ್ತಕ ಮಾಡಿದ ಎರಡು ತಿಂಗಳು ನಮ್ಮ ಅಚ್ಚುಕೂಟದ ಚಿನ್ನದ ಕಾಲ. ನೆಲದ ಮೇಲಿಟ್ಟರೆ ತಾನೇ ಅಂಗಾತ ತೆರೆದುಕೊಂಡಿರಬೇಕು, ಅಡುಗೆ ಮಾಡುವವಳು ಕೈಯಿಂದ ಒತ್ತಿ ಹಿಡಿಯುವಂತಿರಬಾರದು ಎಂದು ಮಾಸ್ತರರ ಹಟ. ಅದಕ್ಕೆ ನಾಲ್ಕು ಥರದ ಹೊಲಿಗೆ ಹಾಕಿ ಬಿಚ್ಚಿದೆವು. ಒಲೆಯ ಮುಂದೆ ನಿಂತು ನೋಡಿದರೂ ಓದಲು ಬರಬೇಕೆಂದು ದೊಡ್ಡ ಮೊಳೆ ಹಾಕಿದರು. ಹೊಗೆಯಲ್ಲಿ ಕಣ್ಣಿಗೆ ಹಿತವಾಗಲೆಂದು ಕೆನೆ ಬಣ್ಣದ ದಪ್ಪ ಕಾಗದ ಆರಿಸಿದರು. ಇಟ್ಟಿಗೆ ಬಣ್ಣದ ಬಟ್ಟೆಯ ರಟ್ಟು, ಸುತ್ತ ಧಾರಾಳ ಅಂಚು. ಊರಿನಲ್ಲಿ ಒಂಬೈನೂರಕ್ಕೆ ಒಂದು ಕಡಿಮೆ ಮನೆ, ಮಾಸ್ತರ ಮನೆಗೆ ಮಾತ್ರ ಗಂಡನಿಗೊಂದು ಹೆಂಡತಿಗೊಂದು, ಒಟ್ಟು ಒಂಬೈನೂರು ಪ್ರತಿ. ಸಿಲಿಂಡರ್ ಮಷಿನು ಓಡುತ್ತಿದ್ದರೆ ಮಾಸ್ತರು ಅದರ ಪಕ್ಕ ನಿಂತು ಹಾಳೆ ಇಳಿಯುವ ತಾಳಕ್ಕೆ ತಲೆಯಾಡಿಸುತ್ತಿದ್ದರು. ಸಂಗೀತ ಕೇಳುವವರೂ ಅಷ್ಟು ಮೈಮರೆಯುವುದಿಲ್ಲ.

ಅಡುಗೆ ಪುಸ್ತಕಕ್ಕೆ ಕಲೆ ಬೀಳದೆ ಇರುತ್ತದೆಯೇ? ಬೀಳಲಿಲ್ಲ. ಇಬ್ಬರ ಮೇಲಿನ ಪ್ರೀತಿಗೆ ಹೆಂಗಸರು ತಾವಾಗಿಯೇ ಒಂದು ಕಟ್ಟುಪಾಡು ಮಾಡಿಕೊಂಡರು. ಮೊದಲು ಓದಿ ಮುಗಿಸುವುದು, ಪುಸ್ತಕ ಗೂಡಿಗಿಟ್ಟು ಬರುವುದು, ಆಮೇಲೆ ಹಿಟ್ಟಿಗೆ ಕೈ ಹಾಕುವುದು. ಮರೆತುಹೋದರೆ ಕೈ ತೊಳೆದು ಒರೆಸಿಕೊಂಡು ಮತ್ತೆ ಹೋಗಿ ಓದಿ ಬರುವುದು. ಒಂದೂವರೆ ವರ್ಷದಲ್ಲಿ ಬಿದ್ದದ್ದು ಮೂರೇ ಚುಕ್ಕೆ. ಮೂರೂ ಎಷ್ಟನೇ ಪುಟದಲ್ಲಿವೆ ಎಂದು ಮಾಸ್ತರು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು.

ಅಷ್ಟರಲ್ಲಿ ಶಿವಗಂಗಕ್ಕನಿಗೆ ಕೆಮ್ಮು ಶುರುವಾಯಿತು. ಕ್ಷಯ ಎಂದು ಗೊತ್ತಾದ ಮೇಲೆ ಅವರನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಕಳಿಸಬೇಕಾಯಿತು. ಎರಡು ದಿನದ ದಾರಿ. ಆ ಆಸ್ಪತ್ರೆಯ ಒಳಗೆ ಏನು ಬೇಕಾದರೂ ಹೋಗಬಹುದಿತ್ತು, ಒಳಗಿನಿಂದ ಮಾತ್ರ ಏನೂ ಹೊರಗೆ ಬರುವಂತಿರಲಿಲ್ಲ. ಒಂದು ಕಾಗದವೂ ಇಲ್ಲ. ಶಿವಗಂಗಕ್ಕ ಎರಡು ಸೀರೆ, ಒಂದು ತಂಬಿಗೆ, ತಮ್ಮ ಪಾಲಿನ 'ಊರ ಒಲೆ' ಹಿಡಿದುಕೊಂಡು ಬಸ್ಸು ಹತ್ತಿದರು. ಮಾಸ್ತರಿಗೆ ಅಳಲು ಬರಲಿಲ್ಲ. ಪುಸ್ತಕಕ್ಕೆ ಇನ್ನೊಂದು ಬಟ್ಟೆ ಸುತ್ತಿಕೊಟ್ಟರು.

ಐದನೆಯ ದಿನ ಬೆಳಿಗ್ಗೆ ಮೂವತ್ತೊಂದನೆಯ ಪುಟದ ಮೂಲೆ ಮಡಚಿಕೊಂಡಿತು. ಜೋಳದ ನುಚ್ಚಿನ ಪುಟ. ಮಾಸ್ತರು ಓಡೋಡಿ ಅಚ್ಚುಕೂಟಕ್ಕೆ ಬಂದು, "ಮುಟ್ಯಾಳ ದಾಕ್ಷಿ, ಸುಖರೂಪ ಮುಟ್ಯಾಳ" ಎಂದರು. ಆಮೇಲೆ ದಿನವೂ ಹಳೆಯ ಮಡಿಕೆ ಬಿಚ್ಚಿಕೊಂಡು ಬೇರೊಂದು ಪುಟದಲ್ಲಿ ಹೊಸದು ಬೀಳುತ್ತಿತ್ತು. ಬರೆಯಬಹುದಿತ್ತಲ್ಲ ಎಂದು ಪರವೂರಿನವರು ಕೇಳುತ್ತಾರೆ. ನಮ್ಮಲ್ಲಿ ಪುಸ್ತಕದಲ್ಲಿ ಬರೆಯುವುದೆಂದರೆ ಒಂಬೈನೂರು ಮನೆಯ ಗೋಡೆಯ ಮೇಲೆ ಬರೆದ ಹಾಗೆ. ಗಂಡ ಹೆಂಡಿರ ಮಾತನ್ನು ಹಾಗೆ ಯಾರು ಬರೆಯುತ್ತಾರೆ? ಮಡಿಕೆಯೇ ಸಾಕಾಗಿತ್ತು. ನೀರಿಗೆ ಹೋದಲ್ಲಿ, ಗಿರಣಿಯಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. ಇವತ್ತು ಶಿವಗಂಗಕ್ಕ ಎಲ್ಲಿದ್ದಾರೆ ಎಂದು ಒಬ್ಬರು ಕೇಳಿದರೆ, ಎಣ್ಣೆಗಾಯಲ್ಲಿದ್ದಾರೆ ಎಂದು ಇನ್ನೊಬ್ಬರು. ನಿನ್ನೆಯೂ ಅಲ್ಲೇ ಇದ್ದರಲ್ಲ ಎಂದು ಮತ್ತೊಬ್ಬರು. ಆಸ್ಪತ್ರೆಯ ಗಂಜಿ ಕುಡಿದು ಕುಡಿದು ನಾಲಗೆ ಕೆಟ್ಟಿರಬೇಕು ಪಾಪ, ಎಂದು ಎಲ್ಲರೂ. ಪುಸ್ತಕದ ಮೂಲೆ ಮಡಚಿದವರನ್ನು ಜನ್ಮದಲ್ಲಿ ಕ್ಷಮಿಸದ ಮಾಸ್ತರು, ಬೆಳಗಾಗುವುದನ್ನೇ ಕಾದು ಮಡಿಕೆ ಹುಡುಕುತ್ತ ಕೂರುತ್ತಿದ್ದರು.

ಎಂಟು ತಿಂಗಳಾದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಎಪ್ಪತ್ನಾಲ್ಕನೆಯ ಪುಟದಲ್ಲಿ, ಹುಗ್ಗಿಯ ಪುಟದಲ್ಲಿ, ಕಡಲೆಕಾಳಿನಷ್ಟು ದೊಡ್ಡ ರಕ್ತದ ಕಲೆ ಮೂಡಿತು. ಒಂಬೈನೂರು ಮನೆಯಲ್ಲೂ ಮೂಡಿತು.

ಹೆದರಿದವರನ್ನು ನಾನು ಬಯ್ಯುವುದಿಲ್ಲ. ನನ್ನ ಮನೆಯಲ್ಲೂ ತಂಗಿಯ ಎಳೆಗೂಸಿತ್ತು. ಪುಸ್ತಕವನ್ನು ಇಕ್ಕಳದಲ್ಲಿ ಹಿಡಿದು, ಬೇವಿನ ಸೊಪ್ಪು ತುಂಬಿದ ಮಡಕೆಯಲ್ಲಿಟ್ಟು ಬಾಯಿ ಕಟ್ಟಿದವಳು ನಾನೇ. ಒಂದಕ್ಕೆ ಆದದ್ದು ಎಲ್ಲಕ್ಕೂ ಆಗುತ್ತದೆ ಎಂದ ಮೇಲೆ, ರೋಗವೂ ಹಾಗೇ ಬಂದರೆ ಎಂದು ಯಾರಿಗೆ ತಾನೇ ಅನ್ನಿಸುವುದಿಲ್ಲ? ಎರಡು ದಿನದಲ್ಲಿ ಊರು ಅಚ್ಚುಕೂಟದ ಅಂಗಳದಲ್ಲಿ ಸೇರಿತು. ಊರಿನ ಹಿರಿತನ ವೀರನಗೌಡರದ್ದು. ಕೆಟ್ಟ ಮನುಷ್ಯನಲ್ಲ. ಅವರ ಅಣ್ಣ ಇದೇ ಕಾಯಿಲೆಯಲ್ಲಿ ರಕ್ತ ಕಾರಿ ಹೋದದ್ದನ್ನು ಕಣ್ಣಾರೆ ಕಂಡವರು. ಒಂದು ಪ್ರತಿಯನ್ನು ಬೆಂಕಿಗೆ ಹಾಕಿದರೆ ಎಲ್ಲವೂ ತಾವಾಗಿ ಮುಗಿಯುತ್ತವೆ ಎಂದು ಅವರು ಹೇಳಿದರು. ಅದು ನಿಜವೂ ಆಗಿತ್ತು. ಹಿಂದೊಮ್ಮೆ ಒಂದು ಪಂಚಾಂಗ ಒಲೆಗೆ ಬಿದ್ದಾಗ ಊರಿನ ಅಷ್ಟೂ ಪಂಚಾಂಗಗಳು ಗೂಡಿನಲ್ಲೇ ಕಪ್ಪಗೆ ಬೂದಿಯಾಗಿದ್ದವು, ಸುತ್ತಿದ ಬಟ್ಟೆಗೆ ಕಾವೂ ತಾಗಿರಲಿಲ್ಲ.

ಮಾಸ್ತರು ಎಲ್ಲರ ಹಿಂದೆ ಅಚ್ಚುಕೂಟದ ಬಾಗಿಲಿಗೆ ಒರಗಿ ನಿಂತಿದ್ದರು. ಗೌಡರು ಮಾತು ಮುಗಿಸಿದ ಮೇಲೆ ಅವರು ಒಂದೇ ಮಾತು ಹೇಳಿದರು.

"ಅಕಿ ಕೈಯೊಳಗೂ ಸುಡತೈತ್ರಿ ಗೌಡ್ರ."

ಎಲ್ಲರಿಗೂ ಗೊತ್ತಿದ್ದದ್ದೇ, ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಗುಡ್ಡದ ಮೇಲೆ ಹಾಸಿಗೆಯಲ್ಲಿ ಕೂತ ಶಿವಗಂಗಕ್ಕನ ತೊಡೆಯ ಮೇಲೆ ಅವರ ಪುಸ್ತಕ ಬೂದಿಯಾಗುತ್ತದೆ. ಊರು ತನ್ನನ್ನು ಸುಟ್ಟು ಕೈತೊಳೆದುಕೊಂಡಿತು ಎಂದು ಅವರಿಗೆ ಆ ಗಳಿಗೆಗೇ ತಿಳಿಯುತ್ತದೆ.

"ನಮಗೂ ಮಕ್ಕಳು ಮರಿ ಅದಾವು, ಮಾಸ್ತರ" ಎಂದರು ಗೌಡರು. ಸೋಮವಾರ ಬೆಳಿಗ್ಗೆ ಸುಡುವುದು ಎಂದು ಗೊತ್ತುಮಾಡಿದರು. ಮಾಡಿದ ಕೈಯೇ ಹಾಕಲಿ ಎಂದೂ ಗೊತ್ತುಮಾಡಿದರು. ಯಾಕೆಂದರೆ ಬೇರೆ ಯಾರೂ ಆ ಪುಸ್ತಕ ಮುಟ್ಟಲು ತಯಾರಿರಲಿಲ್ಲ. ಉಳಿದವರು ತಮ್ಮ ಪ್ರತಿಯನ್ನು ಹಿತ್ತಲಿನ ಕಲ್ಲಿನ ಮೇಲೆ ಇಟ್ಟು ಬರಬೇಕು, ಬೂದಿಯಾದ ಮೇಲೆ ಗುಡಿಸಿ ಹಾಕಬೇಕು.

ಈಗ ನನ್ನ ಕಳ್ಳತನ ಹೇಳಬೇಕು. 'ಊರ ಒಲೆ' ಹೊಲಿಯುವಾಗ ಒಂದು ದಿನ ನನ್ನ ಲಕ್ಷ್ಯ ಎಲ್ಲೋ ಇದ್ದು, ಏಳನೆಯ ಫಾರಂ ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ. ಮಾಸ್ತರ ಹೆಬ್ಬೆರಳಿಗೆ ಅದು ಸಿಕ್ಕಿತು. ಹರಿ ಎಂದರು. ನಾನು ಹೂಂ ಎಂದೆ. ಆದರೆ ಎಷ್ಟು ಚೆಂದದ ಕಾಗದ, ಎಷ್ಟು ಚೆಂದದ ಅಚ್ಚು! ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದು, ಉಳಿದ ರಟ್ಟಿನ ಚೂರಿನಲ್ಲಿ ಉಳಿದವುಗಳಂತೆಯೇ ಹೊದಿಕೆ ಹಾಕಿ, ದಾರದ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದೆ. ಉಳಿದ ಒಂಬೈನೂರರ ಜೊತೆ ಅದಕ್ಕೆ ಹೊಕ್ಕುಬಳಕೆ ಇರಲಿಲ್ಲ. ಅದರ ಹುಗ್ಗಿಯ ಪುಟದಲ್ಲಿ ಕಲೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಅದನ್ನು ಒಯ್ದು ಮಾಸ್ತರ ಮೇಜಿನ ಮೇಲೆ ಇಟ್ಟೆ. ಅವರ ಕೈಯಲ್ಲಿ ಅವರ ಪ್ರತಿ ಇತ್ತು. ಅದನ್ನು ಕೆಳಗಿಟ್ಟು ನನ್ನದನ್ನು ಎತ್ತಿಕೊಂಡರು. ಹೆಬ್ಬೆರಳು ಅಂಚಿನ ಮೇಲೆ ಒಮ್ಮೆ ಆಡಿತು, ನಡುವೆ ನಿಂತಿತು. ಸರಿಯಾಗಿ ಏಳನೆಯ ಫಾರಂ ಶುರುವಾಗುವ ತೊಂಬತ್ತೇಳನೆಯ ಪುಟಕ್ಕೇ ತೆರೆದರು. ಅಕ್ಷರಗಳು ತಲೆ ಕೆಳಗೆ ಮಾಡಿ ನಿಂತಿದ್ದವು.

"ಹರಿ ಅಂದಿದ್ನಿ."

"ಅಂದಿದ್ರಿ."

"ಇಂಥವು ಎಷ್ಟ ಇಟಗೊಂಡೀ?"

"ಇದೊಂದರೀ" ಎಂದೆ. ಹನ್ನೊಂದು ಇದ್ದವು. ಎಲ್ಲವನ್ನೂ ಅವತ್ತೇ ಒಪ್ಪಿಕೊಳ್ಳುವ ಅಗತ್ಯವಿರಲಿಲ್ಲ.

ಜನ್ಮದಲ್ಲಿ ಒಂದು ತಪ್ಪು ಪ್ರತಿಯನ್ನೂ ಬಾಗಿಲು ದಾಟಿಸದ ಮನುಷ್ಯ. ನಾನು ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಅವರು ರಟ್ಟಿನ ಮೂಲೆ ನೋಡಿದರು, ಬೆನ್ನು ನೋಡಿದರು, ಒಮ್ಮೆ ಮುಚ್ಚಿ ಸಪ್ಪಳ ಕೇಳಿದರು. ಆಮೇಲೆ "ರಟ್ಟು ನೆಟ್ಟಗ ಹಾಕೀ" ಎಂದು ಹೇಳಿ, ಅದನ್ನೇ ಹಿಡಿದುಕೊಂಡು ಅಂಗಳಕ್ಕೆ ನಡೆದರು.

ಯಾರೂ ಹತ್ತಿರ ಬರಲಿಲ್ಲ, ಯಾರೂ ತೆರೆದು ತೋರಿಸಿ ಎನ್ನಲಿಲ್ಲ. ಮಾಸ್ತರು ಪುಸ್ತಕವನ್ನು ಬೆಂಕಿಗೆ ಹಾಕಿದರು. ಹೊಲಿಗೆ ಬಿಗಿಯಿದ್ದುದರಿಂದ ಅದು ಬೇಗ ಸುಡಲಿಲ್ಲ, ಹಾಳೆ ಹಾಳೆಯಾಗಿ ನಿಧಾನಕ್ಕೆ ಹತ್ತಿಕೊಂಡಿತು. ತಪ್ಪಿನದಾದರೂ ಪುಸ್ತಕವೇ ತಾನೇ. ಮಾಸ್ತರರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಜನ ಅದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ತಲೆ ತಗ್ಗಿಸಿ ಮನೆಗೆ ಹೋದರು.

ನಾನೂ ಹೋದೆ. ನನ್ನ ಪ್ರತಿ ಕಲ್ಲಿನ ಮೇಲೆ ತಣ್ಣಗೆ ಕೂತಿತ್ತು. ಎಲ್ಲರ ಮನೆಯಲ್ಲೂ ಹಾಗೇ ಕೂತಿರುತ್ತದೆ, ಇನ್ನು ಅರ್ಧ ತಾಸಿನಲ್ಲಿ ಊರು ಮತ್ತೆ ಅಂಗಳಕ್ಕೆ ಬರುತ್ತದೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಇಬ್ಬರ ತಲೆಗೂ ಆ ಯೋಚನೆ ಮೊದಲೇ ಹೊಳೆಯದೆ ಹೋದದ್ದು ಈಗಲೂ ನನಗೆ ಆಶ್ಚರ್ಯ. ಹಿತ್ತಲ ಗೋಡೆಯ ಆಚೆ ಇಣುಕಿದರೆ, ನೆರೆಮನೆಯ ಹುಸೇನಬಿ ಬೆನ್ನು ಮಾಡಿ ನಿಂತಿದ್ದಳು. ಪುಸ್ತಕ ಹೇಗಾಯಿತು ಎಂದು ಕೇಳಿದೆ. ಅವಳು ಗಡಬಡಿಸಿ ತಿರುಗಿ ಬೂದಿಯಾಯಿತು ಎಂದಳು, ನನ್ನದನ್ನು ಕೇಳಿದಳು. ನನ್ನದೂ ಬೂದಿ ಎಂದೆ. ಅವಳ ಸೆರಗಿನ ಕೆಳಗೆ ಇಟ್ಟಿಗೆ ಬಣ್ಣದ ಮೂಲೆ ಕಾಣುತ್ತಿತ್ತು.

ಆಗ ನನಗೆ ಅರ್ಥವಾಯಿತು. ಒಬ್ಬೊಬ್ಬಳೂ ಮನೆಗೆ ಬಂದು ನೋಡಿ, ಏನೋ ಪುಣ್ಯದಿಂದ ತನ್ನದೊಂದೇ ಉಳಿದಿದೆ ಎಂದುಕೊಂಡಿದ್ದಳು. ಮಾಸ್ತರ ಕಣ್ಣೀರು ಕಂಡು ಬಂದವಳಿಗೆ ಈಗ ರೋಗದ ಗಾಬರಿಯಿಲ್ಲ, ಗಾಬರಿ ಒಂದೇ, ಉಳಿದವರಿಗೆ ತಿಳಿದರೆ ಇದನ್ನೂ ಸುಡಿಸುತ್ತಾರೆ. ಹೊತ್ತು ಮುಳುಗುವುದರೊಳಗೆ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಬೊಗಸೆ ಬೂದಿ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಒಲೆಯ ಬೂದಿಗೆ ನಮ್ಮ ಊರಿನಲ್ಲಿ ಅಷ್ಟು ಬೆಲೆ ಎಂದೂ ಬಂದಿರಲಿಲ್ಲ. ಪುಸ್ತಕಗಳು ಜೋಳದ ಕಣಜದಲ್ಲಿ, ಹಾಸಿಗೆಯ ಸುರುಳಿಯಲ್ಲಿ, ದೇವರ ಜಗಲಿಯ ಹಿಂದೆ ಹೋಗಿ ಸೇರಿದವು, ನನ್ನದು ಮತ್ತೆ ಬೇವಿನ ಮಡಕೆಗೆ. ಗಂಡಂದಿರಿಗೂ ಗೊತ್ತಿಲ್ಲ. ಇಡೀ ಊರು ಒಂದೇ ಸುಳ್ಳನ್ನು ಬೇರೆ ಬೇರೆಯಾಗಿ ಹೇಳುತ್ತಿತ್ತು. ನಾನು ಇದನ್ನು ಮಾಸ್ತರಿಗೆ ಹೇಳಲಿಲ್ಲ. ಹುಸೇನಬಿಯೊಬ್ಬಳದನ್ನು ಕಂಡದ್ದು ಬಿಟ್ಟರೆ ಉಳಿದದ್ದು ನನ್ನ ಊಹೆ, ತಪ್ಪಿದ್ದರೆ ಸುಮ್ಮನೆ ಅವರಿಗೆ ಆಸೆ ಹುಟ್ಟಿಸಿದಂತಾಗುತ್ತಿತ್ತು.

ಆದರೆ ಮಡಿಕೆ ನಿಂತುಹೋಯಿತು. ರಕ್ತ ಬಿದ್ದ ದಿನವೇ ಹಳೆಯ ಮಡಿಕೆ ಬಿಚ್ಚಿಕೊಂಡಿದ್ದು, ಹೊಸದು ಬೀಳಲೇ ಇಲ್ಲ. ಒಂದು ವಾರ, ಎರಡು ವಾರ. ಮಾಸ್ತರು ಕೆಲಸಕ್ಕೆ ಬರುತ್ತಿದ್ದರು, ಕೂರುತ್ತಿದ್ದರು. ಇನ್ನು ಮುಂದೆ ಪ್ರತಿಯೊಂದು ಪ್ರತಿಯನ್ನೂ ಬೇರೆ ಬೇರೆ ವಾರೆಯಾಗಿ ಕತ್ತರಿಸಬೇಕೆಂದು ಊರು ಗೊತ್ತು ಮಾಡಿತ್ತು. ಅದಕ್ಕೂ ಅವರು ಎದುರಾಡಲಿಲ್ಲ. ಹೆಂಡತಿ ಬದುಕಿಲ್ಲ ಎಂಬ ಮಾತನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಒಂದು ದಿನ ಮಾತ್ರ, ಕತ್ತರಿಸುವ ಮಷಿನಿನ ಹಿಡಿಕೆ ಹಿಡಿದುಕೊಂಡು, "ನಾಚಿಕೊಂಡಾಳ" ಎಂದರು. "ಒಂಬೈನೂರು ಮನಿ ಹೊಲಸ ಮಾಡಿದ್ನಿ ಅಂತ ನಾಚಿಕೊಂಡಾಳ. ಅಕಿಗೆ ಹೆಂಗ್ ಹೇಳೂದು?"

ಇಪ್ಪತ್ಮೂರನೆಯ ದಿನ ಬೆಳಿಗ್ಗೆ ನಾನು ಮಡಕೆಯ ಬಾಯಿ ಬಿಚ್ಚಿ ನೋಡಿದರೆ, ಹುಗ್ಗಿಯ ಪುಟದ ಮೂಲೆ ಮಡಚಿತ್ತು. ಪೂರ್ತಿಯೂ ಅಲ್ಲ, ಉಗುರಿನಷ್ಟು. ಬಾಗಿಲ ಹೊರಗೆ ನಿಂತು ಒಳಗೆ ಬರಲೇ ಎಂದು ಕೇಳಿದ ಹಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅತ್ತು ಮುಗಿಸಿ, ಗೋಧಿ ತೆಗೆದು ನೀರು ಚಿಮುಕಿಸಿ ಕುಟ್ಟಲು ಇಟ್ಟೆ. ಯಾಕೆ ಎಂದು ಯೋಚಿಸಲಿಲ್ಲ. ಊಟಕ್ಕೆ ಆಸೆಪಟ್ಟವರಿಗೆ ಮಾಡಿಹಾಕಬೇಕು ಅಷ್ಟೇ, ತಿನ್ನುವವರು ಎರಡು ದಿನದ ದಾರಿಯ ಆಚೆ ಇದ್ದರೂ.

ಅಚ್ಚುಕೂಟದಲ್ಲಿ ಮಾಸ್ತರು ಅವತ್ತು ನಗುತ್ತ ಅಳುತ್ತ ಏನೂ ಕೆಲಸ ಮಾಡಲಿಲ್ಲ. ಸಂಜೆ ಇಬ್ಬರೂ ಒಂದೇ ದಾರಿ ಹಿಡಿದು ಹೊರಟೆವು. ಮೊದಲ ಓಣಿಗೆ ತಿರುಗಿದಾಗ ಬೆಲ್ಲ ಕುದಿಯುವ ವಾಸನೆ ಬಂತು. ಯಾರದೋ ಮನೆಯಲ್ಲಿ ಹುಗ್ಗಿ ಎಂದುಕೊಂಡೆವು. ಪಕ್ಕದ ಮನೆಯಿಂದಲೂ ಅದೇ. ಅದರ ಆಚೆಯ ಮನೆಯಿಂದಲೂ ಅದೇ, ಏಲಕ್ಕಿ, ಗಸಗಸೆ, ತುಪ್ಪ. ಮಾಸ್ತರರ ನಡಿಗೆ ನಿಧಾನವಾಯಿತು. ಹೊಸ್ತಿಲುಗಳಲ್ಲಿ ಹೆಂಗಸರು ಬಂದು ನಿಂತಿದ್ದರು. ನೆರೆಮನೆಯ ವಾಸನೆ ಅವರ ಮೂಗಿಗೂ ಬಡಿದು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವೀರನಗೌಡರು ತಮ್ಮ ಕಟ್ಟೆಯ ಮೇಲೆ ಕೂತು ಬಟ್ಟಲು ಖಾಲಿ ಮಾಡುತ್ತಿದ್ದವರು ನಮ್ಮನ್ನು ಕಂಡು ಎದ್ದು ನಿಂತರು. ಇವತ್ತು ಹಬ್ಬ ಏನಾದರೂ ಇದೆಯೇ ಮಾಸ್ತರ, ನಮ್ಮ ಮನೆಯಾಕೆ ಕೇಳದೆಯೇ ಹುಗ್ಗಿ ಮಾಡಿದ್ದಾಳೆ ಎಂದರು. ಗೌಡರು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಮೂಗೆಳೆದು, ಬಟ್ಟಲು ನೋಡಿ, ಮತ್ತೆ ಕೂತು ತಿನ್ನತೊಡಗಿದರು. ಅವರಿಗೆ ಎಲ್ಲ ತಿಳಿಯಿತು ಎಂದೇ ನನ್ನ ನಂಬಿಕೆ. ಎರಡನೆಯ ಸಲ ಬೆಂಕಿಯ ಮಾತು ಅವರ ಬಾಯಿಂದ ಬರಲಿಲ್ಲ.

ಮಾಸ್ತರು ನಡುಬೀದಿಯಲ್ಲಿ ನಿಂತರು. "ಎಷ್ಟ ತಗದಿದ್ವಿ ದಾಕ್ಷಿ?"

"ಒಂಬೈನೂರ್ರಿ."

"ಒಂದೂ ಕಮ್ಮಿ ಆಗಿಲ್ಲ" ಎಂದರು. ಸಣ್ಣ ಮಕ್ಕಳ ಹಾಗೆ ತೋಳಿನಿಂದ ಕಣ್ಣೊರೆಸಿಕೊಂಡು ಬಿರಬಿರನೆ ಮನೆಯ ಕಡೆ ಹೋದರು.

ನಾನು ಮನೆಗೆ ಬಂದು ಹುಗ್ಗಿ ಇಳಿಸಿ, ಪುಸ್ತಕ ತೆರೆದು ಪಕ್ಕದಲ್ಲಿಟ್ಟುಕೊಂಡು ಕೂತೆ. ನೋಡುತ್ತಿದ್ದಂತೆಯೇ ಪುಟದ ಮೇಲೆ, ತಾನಾಗಿ, ಬೆಲ್ಲದ ಹಸಿ ಹೆಬ್ಬೆಟ್ಟೊಂದು ಮೂಡಿತು. ನಡುವೆ ಈಳಿಗೆ ಕೊಯ್ದ ಗೆರೆ. ಅದು ಹುಸೇನಬಿಯ ಬೆರಳು, ನನಗೆ ಗೊತ್ತು. ನಾನು ಅದುವರೆಗೆ ಜೀವಮಾನದಲ್ಲಿ ಒಂದು ಪುಸ್ತಕವನ್ನೂ ಎಂಜಲು ಕೈಯಲ್ಲಿ ಮುಟ್ಟಿದವಳಲ್ಲ. ಹೆಬ್ಬೆರಳನ್ನು ಪಾತ್ರೆಯಲ್ಲಿ ಅದ್ದಿ ಅವಳ ಗುರುತಿನ ಪಕ್ಕ ಒತ್ತಿದೆ. ಗೋಡೆಯ ಆಚೆ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಮೂರನೆಯದು ಬಂತು, ನಾಲ್ಕನೆಯದು ಬಂತು, ಆಮೇಲೆ ಎಣಿಸಲು ಆಗಲಿಲ್ಲ. ಮುದುಕಿಯರ ಸವೆದ ಬೆರಳು, ಸೊಸೆಯಂದಿರ ಅಗಲ ಬೆರಳು, ಓರೆ, ಸೊಟ್ಟ, ಒಂದರ ಮೇಲೊಂದು. ಮಾಸ್ತರು ಧಾರಾಳವಾಗಿ ಬಿಟ್ಟಿದ್ದ ಅಂಚೆಲ್ಲ ತುಂಬಿ ಸಾಲುಗಳ ನಡುವೆ ಹೊಕ್ಕವು. ದೀಪ ಹಚ್ಚುವ ಹೊತ್ತಿಗೆ ರಕ್ತದ ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು. ಪುಟ ನೋಡಲು ಹೊಲಸಾಗಿತ್ತು. ಅಷ್ಟು ಚೆಂದದ ಪುಟವನ್ನು ನಾನು ಮತ್ತೆ ಕಂಡಿಲ್ಲ.

ಮರುದಿನ ಮಾಸ್ತರ ಕೈಯಿಂದ ಸೀದ ಬೆಲ್ಲದ ವಾಸನೆ ಬರುತ್ತಿತ್ತು. ಒಲೆ ಹೊತ್ತಿಸಲೂ ಬಾರದ ಮನುಷ್ಯ ಏನು ಮಾಡಿಕೊಂಡರೋ ನಾನು ಕೇಳಲಿಲ್ಲ. ಗುಡ್ಡದ ಮೇಲಿನಿಂದ ದಿನವೂ ಮಡಿಕೆ ಬರತೊಡಗಿತು. ನಮ್ಮ ಕಡೆಯಿಂದ ದಿನವೂ ಬೆರಳು ಹೋಗತೊಡಗಿತು. ವರ್ಷದೊಳಗೆ ಆ ಪುಸ್ತಕ ಮಾಸಿ, ಜಿಡ್ಡುಗಟ್ಟಿ, ಉಬ್ಬಿ ಎರಡರಷ್ಟು ದಪ್ಪವಾಯಿತು. ಹೊಲಿಗೆ ಮಾತ್ರ ಒಂದು ಎಳೆಯೂ ಸಡಿಲಾಗಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಈಗ ಆ ಅಚ್ಚುಕೂಟವಿಲ್ಲ. ಪುಸ್ತಕಗಳು ಪರವೂರಿನಿಂದ ಬರುತ್ತವೆ, ಅವುಗಳ ಪಾಡಿಗೆ ಅವು. ನಾನೂ ಊಟ ಮಾಡುತ್ತಲೇ ಓದುತ್ತೇನೆ, ಯಾರೂ ಬಯ್ಯುವವರಿಲ್ಲ. ಯಾರೂ ಬಯ್ಯುವವರಿಲ್ಲದ ಮೇಲೆ ಓದಿನ ರುಚಿಯೂ ಅಷ್ಟಕ್ಕಷ್ಟೇ.

ಶಿವಗಂಗಕ್ಕ ಬಂದದ್ದು ಇನ್ನೊಂದು ಬೇಸಿಗೆ ಕಳೆದ ಮೇಲೆ. ಆಸ್ಪತ್ರೆಯವರು ಗುಣವಾಯಿತೆಂದು ಬರೆದುಕೊಟ್ಟು, ಪುಸ್ತಕವನ್ನು ಅವರೊಡನೆ ಹೊರಗೆ ಬಿಟ್ಟಿದ್ದರು. ಬಸ್ಸಿಳಿದು ನೆಟ್ಟಗೆ ಅಚ್ಚುಕೂಟಕ್ಕೇ ಬಂದರು. ಸೊರಗಿದ್ದರು, ಕೂದಲು ನೆರೆತಿತ್ತು. ಮಾಸ್ತರು ಎದ್ದು ನಿಂತವರು ಮೇಜಿನ ಮೇಲಿನ ಅಳತೆಪಟ್ಟಿಯನ್ನು ಅತ್ತಿಂದಿತ್ತ ಸರಿಸಿದರು. ಅಕ್ಕ ಕೂತುಕೊಂಡು, ತಮ್ಮ ಪುಸ್ತಕ ಬಿಚ್ಚಿ, ಹುಗ್ಗಿಯ ಪುಟ ತೆರೆದು ಮೇಜಿನ ಮೇಲಿಟ್ಟರು. ಮಾಸ್ತರು ಅಂಜುತ್ತ ಅಂಜುತ್ತ, ಅವತ್ತು ನಾನೂ ಒತ್ತಿದ್ದೆ, ಅಷ್ಟೊಂದು ಬೆರಳಿನ ನಡುವೆ ನನ್ನದು ನಿನಗೆಲ್ಲಿ ತಿಳಿದಿರಬೇಕು ಎಂದರು.

"ನಿಮ್ದ ನಾ ಹುಡಕಾಕ ಹೋಗಲೇ ಇಲ್ರಿ" ಎಂದರು ಶಿವಗಂಗಕ್ಕ. "ಅಷ್ಟು ಹೆಬ್ಬೆಟ್ಟಿನೊಳಗ ಒಂದ ನೆಟ್ಟಗಿತ್ತು."

ನಾನು ಬಗ್ಗಿ ನೋಡಿದೆ. ನಿಜ. ಕೆಳಗಿನ ಅಂಚಿನ ನಟ್ಟನಡುವೆ, ಸಾಲಿಗೆ ಸರಿಯಾಗಿ, ಗೆರೆ ಹಾಕಿ ಕೂರಿಸಿದ ಹಾಗೆ ಒಂದು ಹೆಬ್ಬೆಟ್ಟು. ಮಾಸ್ತರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು, ಕನ್ನಡಕ ಏರಿಸಿದರು, ಅಳತೆಪಟ್ಟಿ ಇಟ್ಟು ನೋಡಿದರು.

"ಒಂದ ನೂಲಿನಷ್ಟ ಎಡಕ್ಕ ಬಿದ್ದೈತಿ" ಎಂದರು.

ಶಿವಗಂಗಕ್ಕ ನಕ್ಕರು. ಬಹಳ ಹೊತ್ತು ನಕ್ಕರು. ಕೆಮ್ಮು ಬರಲಿಲ್ಲ.